ಸುಳ್ಳು ಹೇಳಿದ ಹಸಿರು ದೀಪ

‘ಸರ್ರ, ದೀಪ ಹಸಿರೈತಿ, ಆದ್ರ ಕೈ ಸುಡಾಕತ್ತೈತ್ರಿ.’

ಪುಣೆಯ ಹೊರವಲಯದ ಚಾಕಣದ ಕಾರ್ಖಾನೆಯೊಂದರಿಂದ ಈ ಫೋನ್ ಬಂದಾಗ ಮಧ್ಯಾಹ್ನ ಮೂರು ಗಂಟೆ. ಫೋನ್ ಮಾಡಿದವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಿರಿಯ ಫಿಟ್ಟರ್. ನಾನು ಹುಬ್ಬಳ್ಳಿಯವನೆಂದು ಗೊತ್ತಾದ ದಿನದಿಂದ ನಮ್ಮಿಬ್ಬರ ನಡುವೆ ಹಿಂದಿ, ಮರಾಠಿ ನಿಂತೇ ಹೋಗಿವೆ. ನಾನು ಅವರನ್ನು ಕಾಕಾ ಎನ್ನುತ್ತೇನೆ.

ಆ ಕಾರ್ಖಾನೆಯಲ್ಲಿ ಕಾದ ಉಕ್ಕಿನ ಬಿಡಿಭಾಗಗಳು ಕನ್ವೇಯರ್ ಮೇಲೆ ತಣಿಯುತ್ತಾ ಬರುತ್ತವೆ. ಕೊನೆಯಲ್ಲಿ ನಿಂತವರು ಕೈಗವಸು ತೊಟ್ಟು ಅವನ್ನೆತ್ತಿ ಟ್ರೇನಲ್ಲಿ ಜೋಡಿಸುತ್ತಾರೆ. ಮೇಲೊಂದು ಥರ್ಮಲ್ ಕ್ಯಾಮೆರಾ ಬಿಸಿ ಅಳೆಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಸಿರು ದೀಪ, ಮೀರಿದರೆ ಕೆಂಪು. ಆ ದೀಪದ ಹಿಂದಿರುವ ಸಾಫ್ಟ್‌ವೇರ್ ಬರೆದದ್ದು ನಮ್ಮ ತಂಡ.

ಮರುದಿನ ಹೋಗಿ ನೋಡಿದೆ. ತೆರೆಯ ಮೇಲೆ 60 ಇದ್ದಾಗ, ಮುಟ್ಟಿ ಅಳೆಯುವ ಥರ್ಮಾಮೀಟರ್ 82 ತೋರಿಸುತ್ತಿತ್ತು. ಹಸಿರು ದೀಪ ನಂಬಿ ಎತ್ತಿದ ಹುಡುಗನೊಬ್ಬನ ಬೆರಳ ತುದಿಯಲ್ಲಿ ಆಗಲೇ ಬೊಬ್ಬೆ ಎದ್ದಿತ್ತು.

ಸಾಫ್ಟ್‌ವೇರಿನವರ ಮೊದಲ ಚಾಳಿಯೇ ಕೋಡ್ ತೆರೆದು ಕೂರುವುದು. ನಾನೂ ಹಾಗೇ ಮಾಡಿದೆ. ದೋಷ ಸಿಗಲಿಲ್ಲ. ಒತ್ತಡಕ್ಕೆ ಮಣಿದು, ಬಂದ ಅಂಕಿಗೆ 22 ಡಿಗ್ರಿ ಕೂಡಿಸುವ ಒಂದು ಸಾಲು ಬರೆದು ಮನೆಗೆ ಬಂದೆ. ನಸುಕಿನ ಪಾಳಿಯಲ್ಲಿ ಕಾಕಾ ಮತ್ತೆ ಫೋನ್ ಮಾಡಿದರು. ಈ ಸಲ ಒಂಬತ್ತು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಮಧ್ಯಾಹ್ನಕ್ಕೆ ಸರಿಹೊಂದಿದ ಲೆಕ್ಕ ಬೆಳಗಿನ ಚಳಿಗೆ ಹೊಂದಲಿಲ್ಲ.

ಕಾರಣ ಹಿಡಿದವರು ಕಾಕಾ. ಧೂಳು, ಎಣ್ಣೆಯ ಮಂಜು ತಾಗದಿರಲೆಂದು ಕ್ಯಾಮೆರಾವನ್ನು ಒಂದು ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ. ಅದರ ಮುಂದೆ 50 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಬಿಲ್ಲೆಯೇ ಕಿಟಕಿ. ಎರಡು ವಾರದ ಹಿಂದೆ ಹಳೆಯದು ಒಡೆದು ಹೊಸದು ಹಾಕಿದ್ದರು. ಕಾಕಾ ಹೊಸ ಬಿಲ್ಲೆ ಬಿಚ್ಚಿ ಅಂಗೈಯಲ್ಲಿ ತೂಗಿ ನೋಡಿದರು. ‘ಹಳೇದು ಭಾರ ಇತ್ರಿ. ಇದು ಹಗುರ ಐತಿ. ಇದು ಅದಲ್ಲ ಬಿಡ್ರಿ.’

ಡ್ರಾಯರ್‌ನಲ್ಲಿದ್ದ ಹಳೆಯ ಎರಡು ಚೂರು ತಂದು ಸ್ಟೋರ್‌ನ ತಕ್ಕಡಿಯಲ್ಲಿ ಇಟ್ಟೆವು. ಹಳೆಯದು 52 ಗ್ರಾಂ, ಹೊಸದು 23 ಗ್ರಾಂ. ಎಂ.ಟೆಕ್.ನಲ್ಲಿ ಓದಿದ್ದು ಆಗ ನೆನಪಾಯಿತು. ಜರ್ಮೇನಿಯಂನ ಸಾಂದ್ರತೆ ಒಂದು ಘನ ಸೆಂ.ಮೀ.ಗೆ 5.33 ಗ್ರಾಂ, ಸಿಲಿಕಾನ್‌ನದು 2.33. ಜರ್ಮೇನಿಯಂ ಇದ್ದ ಜಾಗದಲ್ಲಿ ಸಿಲಿಕಾನ್ ಕೂತಿತ್ತು.

ಸಿಲಿಕಾನ್ ಎಂದರೆ ನಮಗೆ ಚಿಪ್. ಅದರ ಹರಳನ್ನು ಕಡೆದು ನುಣುಪು ಮಾಡಿದರೆ ಕಪ್ಪು ಕನ್ನಡಿಯಂತೆ ಕಾಣುತ್ತದೆ, ಆಚೆಗಿನದ್ದು ಏನೂ ಕಾಣದು. ಕಣ್ಣಿಗೆ ಕಾಣುವ ಬೆಳಕಿನ ಒಂದೊಂದು ಕಣಕ್ಕೂ ಸಿಲಿಕಾನ್‌ನ ಎಲೆಕ್ಟ್ರಾನನ್ನು ಮೇಲಿನ ಮಟ್ಟಕ್ಕೆ ಎತ್ತುವಷ್ಟು ಶಕ್ತಿ ಇರುವುದರಿಂದ ಬೆಳಕು ಅಲ್ಲೇ ಹೀರಿಹೋಗುತ್ತದೆ. ಹಾಗೆ ಎತ್ತಲು ಬೇಕಾದ ಶಕ್ತಿ 1.12 ಎಲೆಕ್ಟ್ರಾನ್ ವೋಲ್ಟ್. ತರಂಗಾಂತರ ಸುಮಾರು 1.2 ಮೈಕ್ರಾನ್ ದಾಟಿದ ಅವಕೆಂಪು ಕಿರಣಕ್ಕೆ ಅಷ್ಟು ಶಕ್ತಿ ಇಲ್ಲ. ಆದ್ದರಿಂದ ಅದು ಹರಳಿನೊಳಗೆ ಸಲೀಸಾಗಿ ಹಾಯುತ್ತದೆ. ನಮಗೆ ಗೋಡೆಯಾದದ್ದು ಆ ಕಿರಣಕ್ಕೆ ಗಾಜು.

ಆದರೆ ಈ ಗಾಜಿಗೂ ಮಿತಿ ಇದೆ. ಸುಮಾರು 7 ಮೈಕ್ರಾನ್ ದಾಟಿದರೆ ಹರಳಿನ ಪರಮಾಣುಗಳ ಕಂಪನವೇ ಕಿರಣವನ್ನು ಹೀರತೊಡಗುತ್ತದೆ. ಜೊತೆಗೆ 9 ಮೈಕ್ರಾನ್ ಬಳಿ ಇನ್ನೊಂದು ತಡೆ ಇದೆ. ಅದು ಆಮ್ಲಜನಕದ್ದು. ಹೆಚ್ಚಿನ ಸಿಲಿಕಾನ್ ಹರಳುಗಳನ್ನು ಬೆಳೆಸುವುದು ಚೊಕ್ರಾಲ್ಸ್ಕಿ ವಿಧಾನದಲ್ಲಿ. ಸಿಲಿಕಾನನ್ನು 1414 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಿ, ಅದರಲ್ಲಿ ಒಂದು ಬೀಜಹರಳು ಅದ್ದಿ ತಿರುಗಿಸುತ್ತಾ ಮೆಲ್ಲಗೆ ಮೇಲೆತ್ತುತ್ತಾರೆ. ಆಗ ಸ್ಫಟಿಕಶಿಲೆಯ ಮೂಸೆಯಿಂದ ಸ್ವಲ್ಪ ಆಮ್ಲಜನಕ ಹರಳಿಗೆ ಸೇರುತ್ತದೆ. ಚಿಪ್‌ನವರಿಗೆ ಅದರಿಂದ ಲಾಭವಿದೆ, ವೇಫರ್ ಗಟ್ಟಿಯಾಗುತ್ತದೆ. ಅವಕೆಂಪು ಮಸೂರ ಮಾಡುವವರಿಗೆ ಅದೇ ಕಲೆ. ಮೂಸೆಯೇ ಇಲ್ಲದೆ, ಸರಳಿನ ಒಂದು ಪಟ್ಟಿಯನ್ನಷ್ಟೇ ಕರಗಿಸುತ್ತಾ ಸಾಗುವ ಫ್ಲೋಟ್ ಝೋನ್ ವಿಧಾನದಲ್ಲಿ ಈ ಕಲೆ ಬಹಳ ಕಡಿಮೆ, ಬೆಲೆ ಹೆಚ್ಚು.

ನಮ್ಮ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನ್ ನಡುವಿನ ಕಿರಣವನ್ನು. ತಣಿಯುತ್ತಿರುವ ಕಬ್ಬಿಣವೂ, ನಮ್ಮ ಮೈಯೂ ಹೆಚ್ಚು ಬೀರುವುದು ಈ ಪಟ್ಟಿಯಲ್ಲೇ. ಜರ್ಮೇನಿಯಂಗೆ ಇದು ಸ್ವಂತ ಮನೆ. 5 ಮಿ.ಮೀ. ದಪ್ಪದ ಸಿಲಿಕಾನ್‌ಗೆ ಪರರ ಮನೆ. ಸಾಲದ್ದಕ್ಕೆ ಹೊಸ ಬಿಲ್ಲೆಗೆ ಲೇಪನವೇ ಇರಲಿಲ್ಲ. ಸಿಲಿಕಾನ್‌ನ ವಕ್ರೀಭವನ ಸೂಚ್ಯಂಕ ಸುಮಾರು 3.4, ಸಾಮಾನ್ಯ ಗಾಜಿನದು 1.5. ಸೂಚ್ಯಂಕ ಹೆಚ್ಚಿದ್ದರೆ ಕಡಿಮೆ ಬಾಗಿನ ಮಸೂರವೇ ಕಿರಣವನ್ನು ಚೆನ್ನಾಗಿ ಕೂಡಿಸುತ್ತದೆ. ಆದರೆ ಒಂದೊಂದು ಮೈಯಲ್ಲೂ ಸುಮಾರು 30 ಪ್ರತಿಶತ ಕಿರಣ ಹಿಂದಕ್ಕೆ ಚಿಮ್ಮುತ್ತದೆ. ಹರಳು ಏನೂ ಹೀರದಿದ್ದರೂ ಆಚೆ ತಲುಪುವುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ.

ನನ್ನ 22 ಡಿಗ್ರಿಯ ಸಾಲು ಸೋತದ್ದೇಕೆಂದು ಆಗ ತಿಳಿಯಿತು. ಕಿರಣವನ್ನು ಹೀರುವ ಕಿಟಕಿ ತಾನೂ ಬಿಸಿ ಬೀರುತ್ತದೆ, ಪೆಟ್ಟಿಗೆಯ ಒಳಗಿನ ಬಿಸಿಯನ್ನೂ ಕ್ಯಾಮೆರಾಕ್ಕೆ ಪ್ರತಿಫಲಿಸುತ್ತದೆ. ಕ್ಯಾಮೆರಾ ನೋಡುತ್ತಿದ್ದದ್ದು ಬಿಡಿಭಾಗದ ಬಿಸಿ ಒಂದಿಷ್ಟು, ಕಿಟಕಿಯ ಬಿಸಿ ಒಂದಿಷ್ಟು. ಕಿಟಕಿ ಮಧ್ಯಾಹ್ನ 40 ಡಿಗ್ರಿ, ನಸುಕಿನಲ್ಲಿ 20. ಯಾವ ಒಂದು ಅಂಕಿ ಎರಡಕ್ಕೂ ಹೊಂದೀತು?

ಹಾಗೆಂದು ಸಿಲಿಕಾನ್ ಕಳಪೆ ಎಂದಲ್ಲ. 3ರಿಂದ 5 ಮೈಕ್ರಾನ್ ಪಟ್ಟಿಯಲ್ಲಿ ಸರಿಯಾದ ಲೇಪನ ಕೊಟ್ಟರೆ 95 ಪ್ರತಿಶತಕ್ಕೂ ಮೇಲೆ ಕಿರಣ ದಾಟಿಸುತ್ತದೆ. ಹಗುರ, ಗಟ್ಟಿ, ಬಿಸಿಯನ್ನು ಬೇಗ ಹರಿಯಬಿಡುತ್ತದೆ. ಜರ್ಮೇನಿಯಂ 100 ಡಿಗ್ರಿ ದಾಟಿದರೆ ಮಂಕಾಗುತ್ತಾ ಹೋಗುತ್ತದೆ, ಸಿಲಿಕಾನ್ ಅದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಯಾರೋ ಬಂದರೆ ತಾನೇ ಹತ್ತುವ ದೀಪವಿದ್ದರೆ, ಅದರ ಸೆನ್ಸರ್‌ನ ಪುಟ್ಟ ಕಿಟಕಿ ಸಾಮಾನ್ಯವಾಗಿ ಸಿಲಿಕಾನ್‌ನದೇ. ತೀರಾ ತೆಳುವಾದ್ದರಿಂದ ಅಲ್ಲಿ 9 ಮೈಕ್ರಾನ್‌ನ ಕಲೆ ಅಷ್ಟಾಗಿ ಬಾಧಿಸದು. 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕದ ನಿಯರ್‌ಕ್ಯಾಮ್ ಉಪಕರಣದಲ್ಲಿ ಅವಕೆಂಪು ಬೆಳಕನ್ನು ಬಿಡಿಸಿ ತೋರಿಸುವ ಗ್ರಿಸಮ್‌ಗಳೂ ಸಿಲಿಕಾನ್‌ನವೇ.

ಹಾಗಾದರೆ ತಪ್ಪು ಯಾರದು? ಚೀನಾ 2023ರ ಆಗಸ್ಟ್ 1ರಿಂದ ಜರ್ಮೇನಿಯಂ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಅದರ ಬೆಲೆ ಏರಿದೆ. ಸಿಲಿಕಾನ್ ಹಾಗಲ್ಲ, ಭೂಮಿಯ ಹೊರಪದರದಲ್ಲಿ ಆಮ್ಲಜನಕ ಬಿಟ್ಟರೆ ಅತಿ ಹೆಚ್ಚು ಸಿಗುವ ಧಾತು. ಖರೀದಿ ವಿಭಾಗದವರು ಅಗ್ಗದ್ದನ್ನು ತರಿಸಿದ್ದರು. ಅವರನ್ನು ಕೇಳಿದಾಗ ಬಿಡಿಭಾಗಗಳ ಪಟ್ಟಿ ಮುಂದಿಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ: ‘ಇನ್‌ಫ್ರಾರೆಡ್ ಕಿಟಕಿ, 50 ಮಿ.ಮೀ., 5 ಮಿ.ಮೀ. ದಪ್ಪ.’ ವಸ್ತು ಯಾವುದು, ಎಷ್ಟು ಮೈಕ್ರಾನ್, ಲೇಪನ ಬೇಕೇ, ಒಂದೂ ಇಲ್ಲ. ಆ ಪಟ್ಟಿ ಟೈಪ್ ಮಾಡಿದವನು ನಾನೇ. ಮಾರಿದವನು ಸುಳ್ಳು ಹೇಳಿರಲಿಲ್ಲ. ಅದೂ ಇನ್‌ಫ್ರಾರೆಡ್ ಕಿಟಕಿಯೇ.

ಲೇಪನವಿರುವ ಜರ್ಮೇನಿಯಂ ಬಿಲ್ಲೆ ಬರುವವರೆಗೆ ದೀಪವನ್ನೇ ಆರಿಸಿ, ಮುಟ್ಟಿ ಅಳೆಯುವ ಥರ್ಮಾಮೀಟರ್ ಕೊಟ್ಟೆವು. ಆಮೇಲೆ 22 ಡಿಗ್ರಿಯ ಸಾಲು ಅಳಿಸಿದೆ. ಕ್ಯಾಮೆರಾದ ನೋಟದ ಮೂಲೆಯಲ್ಲಿ, ಸದಾ 70 ಡಿಗ್ರಿಯಲ್ಲಿ ಇರುವ ಒಂದು ಪುಟ್ಟ ತಗಡು ಇರಿಸಿದ್ದೇವೆ. ಅದರ ಅಂಕಿ ತಪ್ಪಿದರೆ ಏನೇ ಆದರೂ ಕೆಂಪು ದೀಪ. ಬೆರಳು ಸುಟ್ಟುಕೊಂಡ ಹುಡುಗನ ಬಳಿ ಹೋಗಿ ಪಟ್ಟಿಯ ವಿಷಯ ಹೇಳಿ ಕ್ಷಮೆ ಕೇಳಿದೆ. ಅವನು ನಕ್ಕು, ದೀಪ ಈಗ ಸರಿ ಇದೆಯಾ ಎಂದಷ್ಟೇ ಕೇಳಿದ. ಕಾಕಾ ಈಗಲೂ ವಾರಕ್ಕೊಮ್ಮೆ ಥರ್ಮಾಮೀಟರ್ ಮುಟ್ಟಿಸಿ ನೋಡುತ್ತಾರೆ. ನಾನು ಬೇಡ ಎನ್ನುವುದಿಲ್ಲ.

23 ಗ್ರಾಂನ ಆ ಬಿಲ್ಲೆ ಈಗ ನನ್ನ ಮೇಜಿನ ಮೇಲಿದೆ. ಮೊನ್ನೆ ಮಗಳು ಅದನ್ನು ಟಿ.ವಿ. ರಿಮೋಟಿನ ಮೂತಿಗೆ ಹಿಡಿದಳು. ಚಾನೆಲ್ ಬದಲಾಗಲಿಲ್ಲ. ‘ಅಪ್ಪಾ, ಇನ್‌ಫ್ರಾರೆಡ್ ಇದರೊಳಗಿಂದ ಹೋಗುತ್ತೆ ಅಂದಿದ್ದೆಯಲ್ಲ, ರಿಮೋಟಲ್ಲೂ ಅದೇ ಅಲ್ವಾ ಇರೋದು?’ ಎಂದಳು. ರಿಮೋಟಿನದು ಸುಮಾರು 0.94 ಮೈಕ್ರಾನ್, ಅದನ್ನು ಸಿಲಿಕಾನ್ ಹೀರಿಬಿಡುತ್ತದೆ. ‘ಎಷ್ಟು ಮೈಕ್ರಾನ್ ಅಂತ ಮೊದಲು ಕೇಳಬೇಕು ಪುಟ್ಟಿ’ ಎಂದೆ.