ಬಸ್ಸಿನ ಮೊದಲ ಮೆಟ್ಟಿಲು

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಸುಮಾರು 20 ಕಿಲೋಮೀಟರು. ಬಸ್ಸಿನ ಮೊದಲ ಮೆಟ್ಟಿಲೇ ನನಗೆ ಅದಕ್ಕಿಂತ ದೂರ. ಬಲ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಲೋಹದ ಕೀಲು ನೆಟ್ಟಗಿದೆಯೆಂದು ಕ್ಷಕಿರಣದ ಚಿತ್ರ ಹೇಳುತ್ತದೆ, ಕಾಲು ಒಪ್ಪುವುದಿಲ್ಲ. ಮೊಣಕೀಲು ಬದಲಿಸಿಕೊಂಡ ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ಹೀಗೆ ನೋವುಳಿಯುವುದುಂಟೆಂದು ವೈದ್ಯರೇ ಬರೆದಿದ್ದಾರೆ. ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲುಂಟು, ಅದು ತೆರೆಯುತ್ತದೆ, ಮುಚ್ಚುತ್ತದೆ ಎಂಬ ವಾದವನ್ನು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟರು. ನನ್ನದರ ಅಗುಳಿ ಸಡಿಲವಿರಬೇಕು!

“ಆಪರೇಷನ್ ಆಯ್ತಲ್ಲ ಮೇಷ್ಟ್ರೇ, ಇನ್ನೇನು ನೋವು?” ಎಂದು ನೆರೆಯ ಹೊಗೆಸೊಪ್ಪಿನ ರೈತ ಕೇಳುತ್ತಿದ್ದ. ಕೇಳಿ ಕೇಳಿ, ನಾನೇ ಸುಳ್ಳಾಡುತ್ತಿರುವೆನೇನೋ ಎಂಬ ಶಂಕೆ ನನಗೂ ಬಂದಿತ್ತು. ನಿನ್ನೆ ಆತ ಏನನ್ನೂ ಕೇಳದೆ ನನಗೆ ಕೈಯಾಸರೆ ಕೊಟ್ಟ. ನಾನು ಹತ್ತಿ ಕುಳಿತುಕೊಳ್ಳುವವರೆಗೂ ಕಂಡಕ್ಟರು ಸೀಟಿ ಊದಲು ಬಿಡಲಿಲ್ಲ.