ಬಂದ ಪ್ರಶಸ್ತಿ, ಬಾರದ ಪ್ರಶಸ್ತಿ

ಚಲನಚಿತ್ರ ಪ್ರಶಸ್ತಿಗಳು ಪ್ರಕಟವಾದ ಮರುದಿನ ನಮ್ಮ ಮಾಳಮಡ್ಡಿಯ ಕಟ್ಟೆಗಳ ಮೇಲೆ ನಡೆಯುವ ಮಾತುಕತೆಯನ್ನು ಕೇಳಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಗೆದ್ದವರ ಹೆಸರು ಅಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮಾತು ಬಲುಬೇಗ ಗೆಲ್ಲದವರ ಕಡೆಗೆ ಹೊರಳುತ್ತದೆ. 2024ರ ಆಗಸ್ಟಿನಲ್ಲಿ, 'ಕಾಂತಾರ'ದ ಅಭಿನಯಕ್ಕಾಗಿ ರಿಷಬ್ ಶೆಟ್ಟಿಯವರು 2022ನೆಯ ಸಾಲಿನ ಅತ್ಯುತ್ತಮ ನಟರೆಂದು ಘೋಷಿತರಾದಾಗಲೂ ಹೀಗೆಯೆ ಆಯಿತು. ಸಂತೋಷದ ಮಾತು ಇನ್ನೂ ಮುಗಿದಿರಲಿಲ್ಲ, ಹಿರಿಯರೊಬ್ಬರು, "ಎಲ್ಲಾ ಖರೆ, ಆದ್ರ ರಾಜಕುಮಾರಗ ಮಾತ್ರ ಕೊಡಲೇ ಇಲ್ಲ ನೋಡ್ರಿ" ಎಂದರು. ರಾಜಕುಮಾರ್ ಅವರು ತೀರಿಕೊಂಡು ಆಗ ಹದಿನೆಂಟು ವರುಷಗಳಾಗಿದ್ದವು.

ಈ ಅಸಮಾಧಾನವನ್ನು ಅಭಿಮಾನದ ಅತಿರೇಕವೆಂದು ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಪ್ರಶಸ್ತಿ ಕೊಡುವ ಪದ್ಧತಿಯಲ್ಲಿಯೇ ಒಂದು ಕಾರಣವುಂಟು. ಅಮೆರಿಕದ ಆಸ್ಕರ್ ಪ್ರಶಸ್ತಿಗೆ ಮೊದಲು ನಾಮನಿರ್ದೇಶನಗಳ ಪಟ್ಟಿ ಹೊರಬೀಳುತ್ತದೆ. ಅಭಿನಯಕ್ಕೆ ಐದು ಹೆಸರಿದ್ದರೆ ಒಂದು ಗೆಲ್ಲುತ್ತದೆ, ನಾಲ್ಕು ಸೋಲುತ್ತವೆ. 'ಸಿಟಿಜನ್ ಕೇನ್' ಚಿತ್ರವು 1941ನೆಯ ಸಾಲಿನಲ್ಲಿ ಒಂಬತ್ತು ವಿಭಾಗಗಳಲ್ಲಿ ಹೆಸರು ಪಡೆದು, ಚಿತ್ರಕಥೆಗೆ ಮಾತ್ರ ಪ್ರಶಸ್ತಿ ಗಳಿಸಿತೆಂಬುದು ದಾಖಲೆಯಲ್ಲಿಯೇ ಇದೆ. ನಮ್ಮ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅಂಥ ಪಟ್ಟಿ ಇಲ್ಲ. ನಿರ್ಮಾಪಕನು ಅರ್ಜಿ ಹಾಕಿ ಚಿತ್ರವನ್ನು ಕಳಿಸಬೇಕು. ಆ ವರುಷ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರಗಳು ಮಾತ್ರ ಪರಿಗಣನೆಗೆ ಬರುತ್ತವೆ. ತೀರ್ಪುಗಾರರು ಕೂಡಿ ನೋಡುತ್ತಾರೆ. ಕೊನೆಗೆ ಗೆದ್ದವರ ಹೆಸರೊಂದೇ ಹೊರಗೆ ಬರುತ್ತದೆ. ಎರಡನೆಯವರು ಯಾರು, ಎಷ್ಟು ಹತ್ತಿರ ಬಂದು ತಪ್ಪಿದರು ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಆದ್ದರಿಂದ ಸೋತವರ ಪಟ್ಟಿಯನ್ನು ಪ್ರತಿಯೊಬ್ಬ ಅಭಿಮಾನಿಯೂ ತನ್ನ ಮನೆಯಲ್ಲಿ ತಾನೇ ಬರೆದುಕೊಳ್ಳುತ್ತಾನೆ. ಚಿತ್ರ ಪರಿಶೀಲನೆಗೆ ಹೋಗಿತ್ತೋ ಇಲ್ಲವೋ ಎಂದು ಅವನು ವಿಚಾರಿಸುವುದಿಲ್ಲ.

ರಾಜಕುಮಾರರ ಅಭಿಮಾನಿಗಳ ಪಟ್ಟಿಯಲ್ಲಿ ಮೊದಲು ನಿಲ್ಲುವುದು 1971ರ 'ಕಸ್ತೂರಿ ನಿವಾಸ'. ಕೊಡುಗೈಯ ಶ್ರೀಮಂತನೊಬ್ಬ ಕೊಟ್ಟು ಕೊಟ್ಟು ಬರಿಗೈಯಾಗುವ ಆ ಪಾತ್ರದಲ್ಲಿ ರಾಜಕುಮಾರರು ದನಿಯನ್ನು ಎಷ್ಟು ತಗ್ಗಿಸಿ ಮಾತನಾಡುತ್ತಾರೆಂಬುದನ್ನು ಈಗ ನೋಡಿದರೂ ಬೆರಗಾಗುತ್ತದೆ. ಆ ಸಾಲಿನ ರಾಷ್ಟ್ರೀಯ ಅತ್ಯುತ್ತಮ ನಟ ಪ್ರಶಸ್ತಿ ತಮಿಳಿನ 'ರಿಕ್ಷಾಕಾರನ್' ಚಿತ್ರಕ್ಕಾಗಿ ಎಂ. ಜಿ. ರಾಮಚಂದ್ರನ್ ಅವರಿಗೆ ಹೋಯಿತು. ಜನಪ್ರಿಯ ನಾಯಕನಟರಿಗೆ ದಿಲ್ಲಿಯವರು ಕೊಡುವುದೇ ಇಲ್ಲವೆಂದು ಸಮಾಧಾನ ಹೇಳಲಿಕ್ಕೂ ಇದರಿಂದ ಬಾರದಂತಾಯಿತು. ಮರುವರುಷದ 'ಬಂಗಾರದ ಮನುಷ್ಯ' ಬೆಂಗಳೂರಿನಲ್ಲಿ ಎರಡು ವರುಷಗಳಷ್ಟು ಕಾಲ ಓಡಿತು. ಪ್ರಶಸ್ತಿ 'ಕೋಶಿಶ್' ಚಿತ್ರದ ಸಂಜೀವಕುಮಾರರಿಗೆ ಬಂತು. ಈ ಎರಡನೆಯದರ ಬಗೆಗೆ ನನಗೆ ತಕರಾರಿಲ್ಲ. ಮಾತೇ ಬಾರದವನ ಪಾತ್ರವನ್ನು ಸಂಜೀವಕುಮಾರರು ನಡೆಸಿದ ರೀತಿ ದೊಡ್ಡದು. 'ಕಸ್ತೂರಿ ನಿವಾಸ'ದ ವಿಷಯದಲ್ಲಿ ಮಾತ್ರ ನಾನು ಕಟ್ಟೆಯವರ ಪಕ್ಷ. ಮುಂದೆ 1992ರ 'ಜೀವನ ಚೈತ್ರ'ಕ್ಕೆ ರಾಜಕುಮಾರರಿಗೆ ರಾಷ್ಟ್ರೀಯ ಪ್ರಶಸ್ತಿ ಬಂದದ್ದುಂಟು. ಆದರೆ ಅದು ಗಾಯಕನಿಗೆ ಬಂದದ್ದು. 1995ನೆಯ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಇಡಿಯ ಜೀವಮಾನಕ್ಕೆ ಸಂದ ಗೌರವ. ನಟನ ಒಂದು ಪಾತ್ರವನ್ನು ಎತ್ತಿ ತೋರಿಸಿ 'ಇದು' ಎಂದು ಹೇಳಿದ ಪ್ರಶಸ್ತಿ ದಿಲ್ಲಿಯಿಂದ ಬರಲೇ ಇಲ್ಲ.

ಇನ್ನು ಕನ್ನಡಕ್ಕೆ ಬಂದ ಪ್ರಶಸ್ತಿಗಳನ್ನು ನೋಡೋಣ. ದೇಶದ ಅತ್ಯುತ್ತಮ ಚಿತ್ರವೆಂಬ ಮನ್ನಣೆ, ಮೊದಲು ರಾಷ್ಟ್ರಪತಿಗಳ ಸುವರ್ಣ ಪದಕವೆಂದೂ ಬಳಿಕ ಸ್ವರ್ಣಕಮಲವೆಂದೂ ಹೆಸರಾದದ್ದು, ಆರು ಕನ್ನಡ ಚಿತ್ರಗಳಿಗೆ ದೊರೆತಿದೆ: 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', 1986ರ 'ತಬರನ ಕಥೆ', 1997ರ 'ತಾಯಿ ಸಾಹೇಬ', 2001ರ 'ದ್ವೀಪ'. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ಸಾಹಿತ್ಯಾಸಕ್ತರಿಗೆ ಈ ಪಟ್ಟಿ ಪುಸ್ತಕದ ಕಪಾಟಿನಂತೆ ಕಾಣುತ್ತದೆ. ಅನಂತಮೂರ್ತಿ, ಶಿವರಾಮ ಕಾರಂತ, ಮತ್ತೆ ಅನಂತಮೂರ್ತಿ, ತೇಜಸ್ವಿ, ರಂ. ಶಾ. ಲೋಕಾಪುರ, ನಾ. ಡಿಸೋಜ: ಆರಕ್ಕೆ ಆರೂ ಕತೆ ಕಾದಂಬರಿಗಳಿಂದ ಬಂದವು. ಧಾರವಾಡದವರಿಗಂತೂ ಮೊದಲನೆಯದು ಮನೆಯ ಮದುವೆಯಿದ್ದಂತೆ. 'ಸಂಸ್ಕಾರ' ಕಾದಂಬರಿಯನ್ನು 1965ರಲ್ಲಿ ಪ್ರಕಟಿಸಿದವರು ಇಲ್ಲಿಯ ಮನೋಹರ ಗ್ರಂಥಮಾಲೆಯವರು. ಅದಕ್ಕೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ವಹಿಸಿದ ಗಿರೀಶ ಕಾರ್ನಾಡರು ಇಲ್ಲಿಯ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮದರಾಸಿನ ಸೆನ್ಸಾರಿನವರು ಮೊದಲು ತಡೆದಿದ್ದ ಚಿತ್ರಕ್ಕೇ ದೇಶದ ಅತ್ಯುನ್ನತ ಪದಕ ಬಂದಾಗ, ಮಾಧ್ವರ ಮನೆಗಳು ಹೆಚ್ಚಾಗಿದ್ದ ಮಾಳಮಡ್ಡಿಯಲ್ಲಿ ಹೆಮ್ಮೆಪಟ್ಟವರೂ ಇದ್ದರು, ಮುಖ ತಿರುಗಿಸಿದವರೂ ಇದ್ದರು.

ಆದರೆ ಅದೇ ಮನೆಗಳಲ್ಲಿ ಇನ್ನೊಂದು ಕಪಾಟೂ ಇತ್ತೆಂಬುದನ್ನು ನಾವು ಮರೆಯುತ್ತೇವೆ. ತ್ರಿವೇಣಿಯವರ 'ಶರಪಂಜರ', 'ಹಣ್ಣೆಲೆ ಚಿಗುರಿದಾಗ', 'ಬೆಳ್ಳಿಮೋಡ', ಎಂ. ಕೆ. ಇಂದಿರಾ ಅವರ 'ಗೆಜ್ಜೆಪೂಜೆ', ವಾಣಿಯವರ 'ಎರಡು ಕನಸು', ತರಾಸು ಅವರ 'ನಾಗರಹಾವು', ಟಿ. ಕೆ. ರಾಮರಾಯರ 'ಬಂಗಾರದ ಮನುಷ್ಯ'. ಟಾಕೀಸುಗಳನ್ನು ತುಂಬಿಸಿದ ಚಿತ್ರಗಳೂ ಕಾದಂಬರಿಗಳಿಂದಲೇ ಬಂದವು. ಬಂದ ಪ್ರಶಸ್ತಿ, ಬಾರದ ಪ್ರಶಸ್ತಿಗಳ ಜಗಳ ಕಲೆಗೂ ವ್ಯಾಪಾರಕ್ಕೂ ನಡೆದ ಜಗಳವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ತೋರುವಂತೆ ಅದು ಓದುಗರೊಳಗಿನ ಹಳೆಯ ಜಗಳ. ನವ್ಯದ ಕಾದಂಬರಿಯನ್ನು ಕಾಲೇಜಿನಲ್ಲಿ ಚರ್ಚಿಸಿದವರು ಒಂದು ಕಡೆ. ಮಧ್ಯಾಹ್ನ ಅಡಿಗೆಮನೆಯ ಕೆಲಸ ತೀರಿಸಿ, ಬಾಡಿಗೆಗೆ ತಂದ ಕಾದಂಬರಿಯನ್ನು ಸಂಜೆಯೊಳಗೆ ಮುಗಿಸಿ ಪಕ್ಕದ ಮನೆಗೆ ದಾಟಿಸಿದವರು ಇನ್ನೊಂದು ಕಡೆ. ಈ ಎರಡನೆಯವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಅಭಿಪ್ರಾಯವನ್ನು ಯಾವ ಪತ್ರಿಕೆಯವರೂ ಕೇಳಲು ಬರಲಿಲ್ಲ.

ನಮ್ಮ ಅತ್ಯಾ ಅಂಥ ಓದುಗರಲ್ಲಿ ಒಬ್ಬಳು. 'ಶರಪಂಜರ'ದ ಕಾವೇರಿಯಾಗಿ ನಟಿಸಿದ ಕಲ್ಪನಾ ಅವರಿಗೆ ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲವೆಂಬುದನ್ನು ಅವಳು ಕೊನೆಯವರೆಗೂ ಕ್ಷಮಿಸಲಿಲ್ಲ. ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ಸಿಕ್ಕಿತ್ತಲ್ಲ ಎಂದರೆ, "ಚಿತ್ರಕ್ಕ ಕೊಟ್ಟು ಆಕಿಗೆ ಬಿಟ್ರ ಹೆಂಗ? ಆಕಿ ಅತ್ತಾಗ ಥೇಟರದಾಗ ಅಳಲಾರದವರು ಯಾರಿದ್ರು ಹೇಳು" ಎನ್ನುತ್ತಿದ್ದಳು. 1973ರ 'ಕಾಡು' ಚಿತ್ರಕ್ಕಾಗಿ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂದಾಗ ಅವಳು ಕೇಳಿದ್ದು, "ಚಲೋ ಆತು. ಆ ಚಿತ್ರ ಧಾರವಾಡಕ್ಕ ಯಾವಾಗ ಬರತದ?" ಎಂದು. ಈ ಪ್ರಶ್ನೆಯಲ್ಲಿ ತಿರುಳಿತ್ತು. ಪ್ರಶಸ್ತಿ ಪಡೆದ ಚಿತ್ರಗಳು ನಮ್ಮ ಟಾಕೀಸುಗಳಿಗೆ ಬರುವುದು ಅಪರೂಪ, ಬಂದರೂ ನಾಲ್ಕು ದಿನ. ನೋಡದೆ ಇದ್ದ ಚಿತ್ರ ಗೆದ್ದಿತೆಂದು ಒಪ್ಪಿಕೊಳ್ಳಿರಿ ಎಂದರೆ, ನೋಡಿ ಅತ್ತವರು ಹೇಗೆ ಒಪ್ಪಿಯಾರು?

ತೀರ್ಪುಗಾರರು ಈ ಎರಡನೆಯ ಕಪಾಟನ್ನು ಮುಟ್ಟಲೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. 'ಗೆಜ್ಜೆಪೂಜೆ'ಯ ಚಿತ್ರಕಥೆಗಾಗಿ ಪುಟ್ಟಣ್ಣ ಕಣಗಾಲರಿಗೆ ರಾಷ್ಟ್ರೀಯ ಪ್ರಶಸ್ತಿ ಬಂದಿತ್ತು. ತರಾಸು ಅವರ 'ಹಂಸಗೀತೆ'ಯನ್ನು ಜಿ. ವಿ. ಅಯ್ಯರ್ 1975ರಲ್ಲಿ ಚಿತ್ರವಾಗಿಸಿದಾಗ ಬಾಲಮುರಳೀಕೃಷ್ಣರ ಗಾಯನಕ್ಕೆ ಪ್ರಶಸ್ತಿ ಸಂದಿತು. ಆದರೆ ನಿರ್ದೇಶಕನಿಗೆ ಸಲ್ಲುವ ರಾಷ್ಟ್ರೀಯ ಪ್ರಶಸ್ತಿ 'ವಂಶವೃಕ್ಷ'ಕ್ಕೆ ಕಾರಂತ-ಕಾರ್ನಾಡರಿಗೂ 'ಪಲ್ಲವಿ'ಗೆ ಲಂಕೇಶರಿಗೂ ಬಂತು, ಪುಟ್ಟಣ್ಣನವರಿಗೆ ಬರಲಿಲ್ಲ. ಹೆಣ್ಣಿನ ಮನಸ್ಸಿನ ಒಳಗೆ ಕ್ಯಾಮರಾ ಒಯ್ದ ನಿರ್ದೇಶಕ ಅವರೆಂದು ನಂಬಿದವರ ಪಟ್ಟಿಯಲ್ಲಿ ಈ ಸಾಲು ಇಂದಿಗೂ ಖಾಲಿ ಉಳಿದಿದೆ. ಪುಟ್ಟಣ್ಣನವರ ಭಾವುಕತೆ ನನಗೆ ಕೆಲವು ಸಲ ಅತಿಯೆನಿಸಿದ್ದುಂಟು. ಹಾಗೆಂದು ಆ ಖಾಲಿ ಸಾಲು ಸರಿಯೆನಿಸುವುದಿಲ್ಲ.

ದೂರದರ್ಶನ ಬಂದಮೇಲೆ ಪರಿಸ್ಥಿತಿ ಕೊಂಚ ಬದಲಾಯಿತು. ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಗಳ ಪ್ರಶಸ್ತಿ ವಿಜೇತ ಚಿತ್ರಗಳನ್ನು ತೋರಿಸುತ್ತಿದ್ದ ಕಾಲವದು. ಅತ್ಯಾ 'ಘಟಶ್ರಾದ್ಧ'ವನ್ನು ನೋಡಿದ್ದು ಹಾಗೆ, ಮನೆಯ ಪಡಸಾಲೆಯಲ್ಲಿ ನೆಲದ ಮೇಲೆ ಕೂತು. ಗರ್ಭಿಣಿಯಾದ ಎಳೆಯ ವಿಧವೆಯನ್ನು ಹೆತ್ತ ತಂದೆಯೇ ಬದುಕಿರುವಾಗ ಶ್ರಾದ್ಧ ಮಾಡಿ ಹೊರಗೆ ಹಾಕುವ ಕತೆ. ಹುಚ್ಚು ವಾಸಿಯಾಗಿ ಮನೆಗೆ ಮರಳಿದರೂ ಮನೆಯವರು ಒಳಗೆ ಸೇರಿಸಿಕೊಳ್ಳದ ಕಾವೇರಿಗೂ ಈ ಯಮುನೆಗೂ ನಡುವೆ ನವ್ಯದ ವಿಮರ್ಶಕರು ಕಂಡ ಅಂತರ ಅವಳಿಗೆ ಕಾಣಲಿಲ್ಲ. ಚಿತ್ರ ಮುಗಿದಮೇಲೆ ಬಹಳ ಹೊತ್ತು ಸುಮ್ಮನಿದ್ದು, ಪ್ರಶಸ್ತಿ ಯಾರಿಗೆ ಬಂತೆಂದು ಕೇಳಿದಳು. ಚಿತ್ರಕ್ಕೆ ಸ್ವರ್ಣಕಮಲ, ಸಂಗೀತಕ್ಕೆ ಕಾರಂತರಿಗೆ, ಬಾಲನಟ ಅಜಿತಕುಮಾರನಿಗೆ ಎಂದು ಹೇಳಿದೆ. "ಮತ್ತ ಈ ಹುಡುಗಿಗೆ?" ಎಂದಳು. ಮೀನಾ ಕುಟ್ಟಪ್ಪ ಅವರ ಹೆಸರು ಆ ದಿನ ಅವಳ ಪಟ್ಟಿಯಲ್ಲಿ ಕಲ್ಪನಾ ಅವರ ಹೆಸರಿನ ಕೆಳಗೆ ಸೇರಿತು. ಆ ಸಾಲಿನ ಅತ್ಯುತ್ತಮ ನಟಿ 'ಭೂಮಿಕಾ' ಚಿತ್ರದ ಸ್ಮಿತಾ ಪಾಟೀಲ್ ಎಂದು ನಾನು ತಿಳಿಸಿದೆ. "ಆಕಿದೂ ಒಂದಿನಾ ಹಾಕ್ತಾರೇನು ನೋಡು" ಎಂದು ಹೇಳಿ, ದೀಪ ಹಚ್ಚಲು ಎದ್ದಳು.