ಹಾಳೆಯ ಮೇಲಿನ ಬೆಟ್ಟ, ಅಂಕಿಯ ಹಿಂದಿನ ನೆರಳು

ಕಾಗದಕ್ಕೆ ಉದ್ದ ಅಗಲಗಳಲ್ಲದೆ ಆಳವಿಲ್ಲ. ಆದರೂ ನಕ್ಷೆಯನ್ನು ಕಂಡೊಡನೆ ಇದು ಬೆಟ್ಟ, ಇದು ಕಣಿವೆ ಎಂದು ನಮ್ಮ ಕಣ್ಣು ನಿರ್ಣಯಿಸುತ್ತದೆ. ಈ ಚಮತ್ಕಾರದ ಮೂಲವನ್ನು ಅರಿಯಲು ಕಮ್ಮರಡಿಯ ಪರಿಸರದವರು ದೂರ ಹೋಗಬೇಕಾಗಿಲ್ಲ. ನಮ್ಮ ಮಲೆನಾಡಿನಲ್ಲಿ ಹತ್ತಿರದ ಗುಡ್ಡವು ಹಿಂದಿನದನ್ನು ಮರೆಮಾಡುತ್ತದೆ. ದೂರದ ಮರ ಚಿಕ್ಕದಾಗಿ ತೋರುತ್ತದೆ. ಅದಕ್ಕೂ ಆಚೆಯ ಸಾಲುಗಳು ಮಸುಕಾಗಿ ನೀಲಿಗೆ ತಿರುಗುತ್ತವೆ. ಈ ಸೂಚನೆಗಳನ್ನೇ ಚಿತ್ರಕಾರನೂ ನಕ್ಷೆಗಾರನೂ ಎರವಲು ಪಡೆದಿದ್ದಾರೆ.

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಭೂಪಟಗಳಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳಿರುತ್ತವೆ. ಸಾಮಾನ್ಯವಾಗಿ ಒಂದು ರೇಖೆಗೂ ಇನ್ನೊಂದಕ್ಕೂ 20 ಮೀಟರು ಎತ್ತರದ ಅಂತರ. ರೇಖೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ಸಮತಟ್ಟು. ಇವನ್ನು ಓದಲು ಅಭ್ಯಾಸ ಬೇಕು; ನೆರಳನ್ನು ಓದಲು ಬೇಡ. ಆದುದರಿಂದಲೇ ಕೆಲವು ನಕ್ಷೆಗಳಲ್ಲಿ ಬೆಟ್ಟದ ಒಂದು ಮಗ್ಗುಲಿಗೆ ಛಾಯೆ ಕೊಡುವರು. ಬೆಳಕು ಮೇಲಿನಿಂದ ಬರುತ್ತದೆಂದು ಕಣ್ಣು ನಂಬಿರುವುದರಿಂದ, ಅದು ವಾಯವ್ಯದಿಂದ, ಅಂದರೆ ಹಾಳೆಯ ಎಡಮೇಲ್ತುದಿಯಿಂದ, ಬೀಳುವಂತೆ ಬರೆಯುವುದು ರೂಢಿ. ಚಳಿಗಾಲದ ಬೆಳಗಿನಲ್ಲಿ ಉಪಗ್ರಹ ತೆಗೆದ ಚಿತ್ರದಲ್ಲಾದರೋ ಬಿಸಿಲು ಆಗ್ನೇಯದಿಂದ ಬಿದ್ದಿರುತ್ತದೆ. ಉತ್ತರವನ್ನು ಮೇಲಿರಿಸಿ ನೋಡಿದರೆ ಕಣಿವೆಯೇ ದಿಣ್ಣೆಯಂತೆ ಕಾಣುವುದುಂಟು. ಚಿತ್ರವನ್ನು ತಲೆಕೆಳಗು ಮಾಡಿದರೆ ಭ್ರಮೆ ಹರಿಯುತ್ತದೆ.

ಕಣ್ಣಿನ ಇನ್ನೊಂದು ಉಪಾಯ ಎರಡಾಗಿರುವುದು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿ ಒಂದು ಮುಂದಕ್ಕೂ ಒಂದು ಹಿಂದಕ್ಕೂ ಓರೆಯಾದ ಎರಡು ಕ್ಯಾಮೆರಾಗಳಿದ್ದವು. ಒಂದೇ ನೆಲವನ್ನು ಎರಡು ಕೋನಗಳಿಂದ ನೋಡಿ, ಚಿತ್ರಗಳ ನಡುವಣ ವ್ಯತ್ಯಾಸದಿಂದ ನೆಲದ ಎತ್ತರವನ್ನು ಗಣಿಸಲು ಇದರಿಂದ ಸಾಧ್ಯವಾಯಿತು.

ನೆಲದ ಚಿತ್ರಕ್ಕೆ ಉಪಕಾರಿಯಾದ ಈ ಆಳವೇ ಅಂಕಿಗಳ ಚಿತ್ರಕ್ಕೆ ಅಪಕಾರಿಯಾಗಬಲ್ಲದು. ಅಡಿಕೆಯ ಇಳುವರಿ ಇಮ್ಮಡಿಯಾಯಿತೆಂದು ತೋರಿಸಲು ಮೂಟೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿ ಬರೆದರೆ, ಆ ಮೂಟೆಯ ಗಾತ್ರ ಎಂಟು ಪಟ್ಟಾಗುತ್ತದೆ. ಗಣಕಯಂತ್ರ ರಚಿಸುವ ದಪ್ಪ ಕಂಬಗಳ ನಕ್ಷೆಯಲ್ಲಿ ಮುಂದಿನ ಕಂಬ ಹಿಂದಿನದನ್ನು ಮುಚ್ಚುತ್ತದೆ. ಓರೆಯಾಗಿಸಿದ ವೃತ್ತನಕ್ಷೆಯಲ್ಲಿ ನಮ್ಮತ್ತ ಇರುವ ಪಾಲು, ಅದರ ಅಂಚಿನ ದಪ್ಪವೂ ಕಾಣುವುದರಿಂದ, ಇದ್ದುದಕ್ಕಿಂತ ಹಿರಿದಾಗಿ ತೋರುತ್ತದೆ. ಅಂಕಿಗಳು ಸತ್ಯವಾಗಿದ್ದರೂ ಚಿತ್ರ ಸುಳ್ಳಾಡುತ್ತದೆ.

ವಸ್ತುವಿನಲ್ಲಿಯೇ ಆಳವಿದ್ದರೆ ಚಿತ್ರದಲ್ಲಿಯೂ ಇರಲಿ; ಕೇವಲ ಸಂಖ್ಯೆಗಳನ್ನು ಹೋಲಿಸುವಲ್ಲಿ ಒಂದೇ ಅಡಿಗೆರೆಯ ಮೇಲೆ ನಿಂತ ಚಪ್ಪಟೆ ಪಟ್ಟಿಗಳೇ ಸಾಕು. ತರಗತಿಯಲ್ಲಿ ನಕ್ಷೆ ಬರೆಯಿಸುವ ಅಧ್ಯಾಪಕರಿಗೂ, ಸಂಸ್ಥೆಗಳ ಆಯವ್ಯಯದ ಚಿತ್ರಗಳನ್ನು ನೋಡಿ ನೆರವು ನೀಡುವ ಮಹನೀಯರಿಗೂ ಈ ವಿವೇಚನೆ ಸಮಾನವಾಗಿ ಅವಶ್ಯಕ.